ಶೇ 40 ಇಲ್ಲದಿದ್ದರೂ ಸ್ಕ್ರೈಬ್ ಸಿಗುತ್ತದಾ? ವಿಕಲಚೇತನರ ನೇಮಕಾತಿಯಲ್ಲಿ ಗೊಂದಲ ಹುಟ್ಟುವುದು ಎಲ್ಲಿ

2025ರ ಫೆಬ್ರವರಿ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇರುವ ಅಭ್ಯರ್ಥಿಯೊಬ್ಬರು ಬ್ಯಾಂಕ್ ಮತ್ತಿತರ ನೇಮಕಾತಿ ಪರೀಕ್ಷೆಗಳಿಗೆ ಸ್ಕ್ರೈಬ್ ಬೇಕೆಂದು ಕೇಳಿದ್ದರು. ಸ್ಕ್ರೈಬ್ ಅಂದರೆ ಅಭ್ಯರ್ಥಿ ಹೇಳಿದ್ದನ್ನು ಕೇಳಿ ಬರೆದುಕೊಡುವ ಲಿಪಿಕಾರ. ಆ ಅಭ್ಯರ್ಥಿಯ ವೈಕಲ್ಯದ ಪ್ರಮಾಣ ಶೇ 25 ಮಾತ್ರ. ಸರ್ಟಿಫಿಕೇಟಿನಲ್ಲಿ ಶೇ 40 ಇಲ್ಲ ಎಂಬ ಕಾರಣಕ್ಕೆ ಈ ಸೌಲಭ್ಯ ತಡೆಯುವಂತಿಲ್ಲ, ವೈಕಲ್ಯವಿರುವ ಎಲ್ಲ ಅಭ್ಯರ್ಥಿಗಳಿಗೂ ಸಿಗಬೇಕು ಎಂದು ಕೋರ್ಟ್ ಹೇಳಿತು.

ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 3ರಂದು, ಮತ್ತೊಂದು ತೀರ್ಪು ಬಂತು. ದೃಷ್ಟಿದೋಷ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯ ನೇಮಕಾತಿಯಿಂದ ಹೊರಗಿಡುವಂತಿಲ್ಲ ಎಂಬುದು ಅದರ ಸಾರ.

ಎರಡೂ ಸುದ್ದಿ ಓದಿದವರಿಗೆ ಪ್ರಶ್ನೆಗಳು ಏಳುವುದು ಸಹಜ. ಶೇ 25 ಇದ್ದವರಿಗೂ ಈಗ ಮೀಸಲಾತಿ ಬಂತಾ? ಕೆಪಿಎಸ್‌ಸಿ ಪರೀಕ್ಷೆಗೂ ಇದು ಅನ್ವಯಿಸುತ್ತದಾ? ಖಾಸಗಿ ಕಂಪನಿಯ ಇಂಟರ್‌ವ್ಯೂಗೆ? ಮೈಸೂರಿನ ಕೋಚಿಂಗ್ ಸೆಂಟರುಗಳಲ್ಲಿ, ಮಂಡ್ಯದ ಗ್ರಂಥಾಲಯದಲ್ಲಿ ಕೂತು ಎಫ್‌ಡಿಎ, ಪಿಡಿಒ, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿರುವ ವಿಕಲಚೇತನರಿಗೆ ಈ ಉತ್ತರಗಳ ಮೇಲೆ ಮುಂದಿನ ಬದುಕೇ ನಿಂತಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಎರಡು ಹಕ್ಕು, ಒಂದೇ ಹೆಸರಲ್ಲಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇದ್ದವು. ಹೊಸದರಲ್ಲಿ 21 ಇವೆ. ಈ ಕಾಯ್ದೆ ಕೆಲಸ ಹುಡುಕುವವರಿಗೆ ಎರಡು ಬೇರೆ ಬೇರೆ ಹಕ್ಕು ಕೊಡುತ್ತದೆ.

ಒಂದು, ಮೀಸಲಾತಿ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4. ಕರ್ನಾಟಕದಲ್ಲಿ ಎ ಮತ್ತು ಬಿ ಗ್ರೂಪಿಗೆ ಶೇ 4, ಸಿ ಮತ್ತು ಡಿ ಗ್ರೂಪಿಗೆ ಶೇ 5. ಇದು ಬೇಕೆಂದರೆ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇರಲೇಬೇಕು. ಯಾವ ತೀರ್ಪೂ ಇದನ್ನು ಬದಲಿಸಿಲ್ಲ.

ಇನ್ನೊಂದು, ಸೂಕ್ತ ಅನುಕೂಲ. ಉಳಿದವರ ಜೊತೆ ಸಮಾನವಾಗಿ ಸ್ಪರ್ಧಿಸಲು ಬೇಕಾದ ಬದಲಾವಣೆ ಮಾಡಿಕೊಡುವುದು. ಲಿಪಿಕಾರ, ಹೆಚ್ಚಿನ ಸಮಯ, ನೆಲಮಹಡಿಯ ಕೊಠಡಿ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಸಂಜ್ಞೆ ಭಾಷೆ ತಿಳಿದವರ ನೆರವು ಎಲ್ಲ ಇದರಲ್ಲಿ ಬರುತ್ತವೆ. ಇದಕ್ಕೆ ಶೇ 40ರ ಗೆರೆ ಕಾಯ್ದೆಯಲ್ಲಿ ಇಲ್ಲ. 2021ರ ಫೆಬ್ರವರಿ 11ರಂದೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ಅದೂ ಕೈ ಸೆಟೆತದ್ದೇ ಪ್ರಕರಣ, ನಾಗರಿಕ ಸೇವಾ ಪರೀಕ್ಷೆಯದ್ದು. ಅದರ ಪರಿಣಾಮವಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿ ಮಾರ್ಗಸೂಚಿ ಹೊರಡಿಸಿತು. ಆದರೂ ಸೌಲಭ್ಯ ಸಿಗದೆ ಇನ್ನೊಬ್ಬರು ಕೋರ್ಟಿಗೆ ಹೋಗಬೇಕಾಯಿತು. 2025ರ ತೀರ್ಪು ಬಂದದ್ದು ಹೀಗೆ.

ಗೆರೆಯನ್ನು ಯಾಕೆ ಬೇರೆ ಬೇರೆ ಇಡಬೇಕು? ಒಂದು ಕಾಲಿಗೆ ಶೇ 70 ವೈಕಲ್ಯ ಇರುವವರು ಬರವಣಿಗೆಯಲ್ಲಿ ಯಾರಿಗೂ ಕಡಿಮೆ ಇರುವುದಿಲ್ಲ. ಅವರಿಗೆ ಬೇಕಾದ್ದು ಮೆಟ್ಟಿಲಿಲ್ಲದ ಕೊಠಡಿ. ಬೆರಳು ಸೆಟೆಯುವವರ ವೈಕಲ್ಯ ಕಾಗದದಲ್ಲಿ ಶೇ 25 ಇರಬಹುದು, ಆದರೆ ಹತ್ತು ನಿಮಿಷ ಬರೆಯುವಷ್ಟರಲ್ಲಿ ಪೆನ್ನು ಜಾರುತ್ತದೆ. ಶೇಕಡಾ ಲೆಕ್ಕ ದೇಹವನ್ನು ಅಳೆಯುತ್ತದೆ. ಆ ದೇಹಕ್ಕೆ ಒಂದು ನಿರ್ದಿಷ್ಟ ಪರೀಕ್ಷೆ ಎಷ್ಟು ಕಷ್ಟ ಎಂಬುದನ್ನು ಅದು ಹೇಳುವುದಿಲ್ಲ.

ಕೆಪಿಎಸ್‌ಸಿ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಶ್ನೆಗೆ ಬಂದರೆ: ಮಾರ್ಗಸೂಚಿಗಳನ್ನು ಹೊರಡಿಸಿದ್ದು ಕೇಂದ್ರ, ನಿಜ. ರಾಜ್ಯದ ಸಂಸ್ಥೆಗಳು ತಮ್ಮ ಅಧಿಸೂಚನೆಯಲ್ಲಿ ತಮ್ಮದೇ ಷರತ್ತು ಬರೆಯುತ್ತವೆ. ಆದರೆ ಸೂಕ್ತ ಅನುಕೂಲ ಕೊಡಬೇಕೆಂಬ ಮಾತು ಕಾಯ್ದೆಯಲ್ಲೇ ಇದೆ, ಮತ್ತು ಕಾಯ್ದೆ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಅಧಿಸೂಚನೆಯಲ್ಲಿ ಶೇ 40 ಎಂದಷ್ಟೇ ಬರೆದಿದ್ದರೂ ಅದಕ್ಕಿಂತ ಕಡಿಮೆ ಇರುವವರು ಲಿಖಿತವಾಗಿ ಕೇಳಲು ಪೂರ್ತಿ ಆಧಾರ ಇದೆ.

ಎಡವುವುದು ಅರ್ಜಿಯಲ್ಲೇ

ಪರೀಕ್ಷಾ ಕೊಠಡಿಯ ಬಗ್ಗೆ ತೀರ್ಪುಗಳು ಬರುತ್ತವೆ. ಆದರೆ ಬಹಳ ಜನ ಕೈಬಿಟ್ಟುಹೋಗುವುದು ಅದಕ್ಕೂ ಎಷ್ಟೋ ಮೊದಲು.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಮೂಲಕ. ಪರದೆಯ ಮೇಲಿನ ಅಕ್ಷರವನ್ನು ಅದು ಗಟ್ಟಿಯಾಗಿ ಓದಿಹೇಳುತ್ತದೆ. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದಬೇಕಾದರೆ ಅಕ್ಷರ ಯೂನಿಕೋಡ್‌ನಲ್ಲಿ ಇರಬೇಕು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಚಂದದ ಕನ್ನಡವೇ. ಸ್ಕ್ರೀನ್ ರೀಡರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಅಧಿಸೂಚನೆಯಾದರೆ ಸ್ಕ್ರೀನ್ ರೀಡರ್ ಏನನ್ನೂ ಓದುವುದೇ ಇಲ್ಲ. ಅದು ಬರೀ ಚಿತ್ರ. ಇದರ ಮೇಲೆ ಚಿತ್ರ ನೋಡಿ ಟೈಪ್ ಮಾಡಬೇಕಾದ ಕ್ಯಾಪ್ಚಾ. ಕೈ ನಿಧಾನ ಇರುವವರು ಅರ್ಜಿ ತುಂಬಿ ಮುಗಿಸುವಷ್ಟರಲ್ಲಿ ಪುಟ ತಾನಾಗಿಯೇ ಲಾಗ್ ಔಟ್ ಆಗುತ್ತದೆ.

ಆಗ ಉಳಿಯುವ ದಾರಿ ಸೈಬರ್ ಸೆಂಟರ್. ಅಲ್ಲಿ ಅರ್ಜಿ ತುಂಬುವವರ ತಪ್ಪು ಏನೂ ಇಲ್ಲ. ಒಂದು ದಿನಕ್ಕೆ ನೂರೆಂಟು ಅರ್ಜಿ ಹಾಕುತ್ತಾರೆ. ಹೆಸರು, ಜಾತಿ, ಅಂಕ ಕೇಳುತ್ತಾರೆ. 'ಲಿಪಿಕಾರ ಬೇಕೇ?' ಎಂಬ ಒಂದು ಚಿಕ್ಕ ಚೌಕ ಇರುತ್ತದೆ. ಅದು 'ಇಲ್ಲ' ಎಂದೇ ಉಳಿದುಬಿಡುತ್ತದೆ.

ಆ ಒಂದು ಚೌಕದಿಂದ ಏನೇನಾಗುತ್ತದೆ ನೋಡಿ. ಲಿಪಿಕಾರ ಕೇಳಿದವರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಹಾಲ್ ಟಿಕೆಟ್ ಮೇಲೆ ಸೂಚನೆ ಇರುವುದಿಲ್ಲ. ಕೇಂದ್ರ ಹಂಚುವಾಗ ಇವರನ್ನು ಎರಡನೇ ಮಹಡಿಗೆ ಹಾಕಲು ಯಾವ ಅಡ್ಡಿಯೂ ಇರುವುದಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಮೇಲ್ವಿಚಾರಕರ ಬಳಿ ಕೇಳಿದರೆ, 'ನನ್ನ ಪಟ್ಟಿಯಲ್ಲಿ ಇಲ್ಲ' ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅಷ್ಟು ಹೊತ್ತಿನಲ್ಲಿ ಒಬ್ಬ ಲಿಪಿಕಾರನನ್ನು ತರುವ ಅಧಿಕಾರವೂ ಅವರಿಗೆ ಇಲ್ಲ. ಒಂದು ವರ್ಷದ ಓದು ಅಲ್ಲಿಗೆ ನಿಂತಿತು.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವಂತೆ ಇರುವುದು ಬದುಕುವ ಹಕ್ಕಿನ ಭಾಗ ಎಂದಿತು. ಆ ಪ್ರಕರಣ ಬ್ಯಾಂಕ್ ಮುಂತಾದ ಕಡೆ ಗುರುತು ಪರಿಶೀಲನೆಗೆ ಸಂಬಂಧಿಸಿದ್ದು. ಆದರೆ ಅದೇ ಮಾತು ನೇಮಕಾತಿ ಅರ್ಜಿಗೂ ಹೊಂದುತ್ತದೆ ಅಲ್ವಾ? ಯೂನಿಕೋಡ್‌ನಲ್ಲಿ ಅಧಿಸೂಚನೆ ಹಾಕಲು ಸರ್ಕಾರಕ್ಕೆ ಹೊಸ ಖರ್ಚು ಏನೂ ಬೇಡ.

ಸರ್ಟಿಫಿಕೇಟಿನ ಲೆಕ್ಕಾಚಾರ

ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇದ್ದರೆ ಎಲ್ಲ ಆಯಿತು ಎಂದು ಅನೇಕರು ತಿಳಿದಿದ್ದಾರೆ. ಅದು ಮೀಸಲಾತಿಗೆ ಸಾಕು. ಲಿಪಿಕಾರನಿಗೆ ಯಾವಾಗಲೂ ಸಾಲದು. ವೈಕಲ್ಯ ಯಾವುದು, ಎಷ್ಟು ಎಂದು ಕಾರ್ಡ್ ಹೇಳುತ್ತದೆ. 'ಇವರಿಗೆ ಬರೆಯಲು ಆಗುವುದಿಲ್ಲ' ಎಂದು ಅದು ಹೇಳುವುದಿಲ್ಲ.

ಕೇಂದ್ರದ 2018ರ ಮಾರ್ಗಸೂಚಿ ಶೇ 40 ದಾಟಿದವರನ್ನು ಎರಡು ಗುಂಪು ಮಾಡಿತು. ಕಣ್ಣು ಕಾಣದವರು, ಎರಡೂ ಕೈಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು. ಉಳಿದವರು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಅಥವಾ ಅವರಿಗೆ ಸಮಾನರಾದವರಿಂದ ಬೇರೆ ಪ್ರಮಾಣಪತ್ರ ತರಬೇಕಿತ್ತು. 2022ರ ಮಾರ್ಗಸೂಚಿ ಶೇ 40ಕ್ಕಿಂತ ಕಡಿಮೆ ಇರುವವರಿಗೆ ಇನ್ನೂ ಬಿಗಿಯಾಗಿತ್ತು. ಅವರಿಗೆ ಒಬ್ಬ ವೈದ್ಯರ ಸಹಿ ಸಾಲುತ್ತಿರಲಿಲ್ಲ, ಹಲವು ತಜ್ಞರ ಸಮಿತಿ ಸಹಿ ಮಾಡಬೇಕಿತ್ತು.

ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯ ಒಬ್ಬ ಯುವತಿ ಎಂದಿಟ್ಟುಕೊಳ್ಳಿ. ಕೈಯ ಸ್ನಾಯು ದುರ್ಬಲ, ಪ್ರಮಾಣ ಶೇ 30. ಸಮಿತಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ಒಂದು ದಿನ ಮೂಳೆ ವೈದ್ಯರು ಇದ್ದರೆ ನರರೋಗ ತಜ್ಞರು ಇರುವುದಿಲ್ಲ. ಮತ್ತೊಂದು ದಿನ ಬನ್ನಿ ಎನ್ನುತ್ತಾರೆ. ಪ್ರತಿ ಸಲ ಜೊತೆಗೆ ಒಬ್ಬರು ಬರಬೇಕು, ಅವರ ಒಂದು ದಿನದ ಕೂಲಿ ಹೋಗುತ್ತದೆ. ಅಂತೂ ಪತ್ರ ಸಿಕ್ಕಿತು ಎನ್ನೋಣ. ಆ ಮಾರ್ಗಸೂಚಿಯಂತೆ ಅದಕ್ಕೆ ಆರು ತಿಂಗಳ ಅವಧಿ. ನಮ್ಮ ರಾಜ್ಯದಲ್ಲಿ ಅಧಿಸೂಚನೆಗೂ ಪರೀಕ್ಷೆಗೂ ನಡುವೆ ಆರು ತಿಂಗಳು ದಾಟುವುದು ಏನೂ ಅಪರೂಪ ಅಲ್ಲ. ಪರೀಕ್ಷೆ ಮುಂದೂಡಿದರೆ ಪತ್ರ ಸತ್ತಂತೆ. ಮತ್ತೆ ಮೊದಲಿನಿಂದ ಓಡಾಟ.

2025ರ ಫೆಬ್ರವರಿಯ ತೀರ್ಪಿನಲ್ಲಿ ಹೆಚ್ಚು ಸುದ್ದಿಯಾಗದ ಭಾಗ ಇದೇ. ಹಳ್ಳಿ ಕಡೆಯವರು ಪ್ರಮಾಣಪತ್ರಕ್ಕೆ ಬಹಳ ದಿನ ಕಾಯಬೇಕಾಗುತ್ತದೆ, ಆದ್ದರಿಂದ ಆರು ತಿಂಗಳ ಅವಧಿಯನ್ನು ವಿಸ್ತರಿಸಿ ಎಂದು ಕೋರ್ಟ್ ಹೇಳಿತು. ನನಗೆ ಆ ತೀರ್ಪಿನಲ್ಲಿ ಅತಿ ಮುಖ್ಯ ಅನ್ನಿಸಿದ್ದು ಈ ಸಾಲು. ಸ್ಕ್ರೈಬ್ ಹಕ್ಕು ಇದೆ ಎಂದು ಘೋಷಿಸುವುದು ಸುಲಭ. ಆ ಹಕ್ಕಿನ ಕಾಗದ ಪರೀಕ್ಷೆಯ ದಿನದವರೆಗೆ ಬದುಕಿರಬೇಕಲ್ಲ.

ಪ್ರಯಾಣದ್ದೂ ಒಂದು ಲೆಕ್ಕ ಇದೆ. ಕೆಎಸ್ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸ್ ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ. ಮೈಸೂರಿನಿಂದ ಬೆಂಗಳೂರು ಸುಮಾರು 145 ಕಿಲೋಮೀಟರ್. ದಾಖಲೆ ಪರಿಶೀಲನೆ, ಸಂದರ್ಶನ ಬೆಂಗಳೂರಿನಲ್ಲಿ ಎಂದಾದರೆ ಪಾಸ್ ಅಷ್ಟು ದೂರ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಗಂಡಸರಿಗೆ ಇಲ್ಲ.

ಲಿಪಿಕಾರ: ಯಾರಿಗೆ ಯಾವ ಭಯ

ಇಲ್ಲಿ ನಿಜವಾದ ಭಿನ್ನಾಭಿಪ್ರಾಯ ಇದೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ.

ಪರೀಕ್ಷೆ ನಡೆಸುವವರ ಭಯ ನಕಲು ಮತ್ತು ವಂಚನೆ. ಕರ್ನಾಟಕದಲ್ಲಿ ಈ ಭಯ ಸುಮ್ನೆ ಹುಟ್ಟಿದ್ದಲ್ಲ. 545 ಪಿಎಸ್ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ಪರೀಕ್ಷೆಯೇ ರದ್ದಾಯಿತು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಬಳಸಿ ಉತ್ತರ ಹೇಳಿಸಿಕೊಂಡ ಪ್ರಕರಣ ಬಯಲಾಯಿತು. ಹೀಗಿರುವಾಗ ಅಭ್ಯರ್ಥಿ ತಾನೇ ಕರೆತಂದ ಲಿಪಿಕಾರ ಉತ್ತರವನ್ನೂ ತಾನೇ ಬರೆದರೆ ಏನು ಗತಿ ಎಂದು ಅಧಿಕಾರಿಗಳು ಕೇಳುತ್ತಾರೆ. ಅಂಥ ವಂಚನೆಯಿಂದ ನಿಜವಾಗಿ ಓದಿದ ವಿಕಲಚೇತನರಿಗೇ ಅನ್ಯಾಯ ಎಂಬುದೂ ಸತ್ಯ.

ಅಭ್ಯರ್ಥಿಗಳ ಭಯ ಬೇರೆ. ಸಂಸ್ಥೆ ಕೊಡುವ ಲಿಪಿಕಾರ ಯಾರು? ಕನ್ನಡ ಸರಿಯಾಗಿ ಬರೆಯುತ್ತಾರಾ? ಗಣಿತದ ಪ್ರಶ್ನೆಯನ್ನು, ನಕ್ಷೆಯನ್ನು ಓದಿ ಹೇಳಲು ಬರುತ್ತದಾ? ಸೆರೆಬ್ರಲ್ ಪಾಲ್ಸಿ ಇರುವವರ ಮಾತು ಹೊಸಬರಿಗೆ ತಕ್ಷಣ ಅರ್ಥವಾಗುವುದಿಲ್ಲ. ದಿನವೂ ಒಡನಾಡಿದವರಿಗೆ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಒಂದೊಂದು ಪದವನ್ನೂ ಮೂರು ಸಲ ಹೇಳಬೇಕಾದರೆ ಸಮಯ ಎಲ್ಲಿ ಉಳಿಯುತ್ತದೆ?

2018ರ ಮಾರ್ಗಸೂಚಿ ಇದಕ್ಕೆ ಮಧ್ಯದ ದಾರಿ ಹುಡುಕಿತ್ತು. ಸ್ವಂತ ಲಿಪಿಕಾರ ಬೇಕೋ ಸಂಸ್ಥೆಯವರು ಬೇಕೋ ಎಂಬ ಆಯ್ಕೆ ಅಭ್ಯರ್ಥಿಯದ್ದಾಗಿತ್ತು. ಸ್ವಂತದವರಾದರೆ ಅವರ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕಿತ್ತು. ಸಂಸ್ಥೆಯವರಾದರೆ ಪರೀಕ್ಷೆಗೆ ಎರಡು ದಿನ ಮೊದಲು ಭೇಟಿಗೆ ಅವಕಾಶ ಕೊಡಬೇಕಿತ್ತು. ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ. ಆದಷ್ಟೂ ನೆಲಮಹಡಿ. ಈಚೆಗೆ ಕೇಂದ್ರದ ಒಲವು ಸಂಸ್ಥೆಯೇ ಲಿಪಿಕಾರರನ್ನು ಒದಗಿಸುವ ಕಡೆಗೆ ತಿರುಗಿದೆ. ಹಾಗಾಗಿ ಪ್ರತಿ ಅಧಿಸೂಚನೆಯಲ್ಲೂ ಈ ಷರತ್ತನ್ನು ಹೊಸದಾಗಿ ಓದಬೇಕು. ಹೋದ ಸಲ ಇದ್ದದ್ದೇ ಈ ಸಲವೂ ಇರುತ್ತದೆ ಎಂದುಕೊಳ್ಳಬೇಡಿ.

'ಒಂದು ಹಂತ ಕಡಿಮೆ' ಎಂಬ ಆ ಷರತ್ತು ಕಾಗದದಲ್ಲಿ ಸರಳವಾಗಿತ್ತು. ಪದವೀಧರ ಅಭ್ಯರ್ಥಿಗೆ ಪಿಯುಸಿ ಓದಿದವರು ಬೇಕಿತ್ತು. ಆ ಹುಡುಗ ಹುಡುಗಿಯರಿಗೆ ತಮ್ಮದೇ ಟ್ಯೂಷನ್, ಟೆಸ್ಟ್ ಇರುತ್ತವೆ. ಭಾನುವಾರ ಪೂರ್ತಿ ಬಿಟ್ಟು ಬರಬೇಕು, ಗುರುತಿನ ಚೀಟಿ, ಅಂಕಪಟ್ಟಿ ಕೊಡಬೇಕು. ಹಿಂದಿನ ದಿನ ಮನೆಯವರು ಬೇಡ ಎಂದರೆ ಅಭ್ಯರ್ಥಿಗೆ ಬೇರೆ ದಾರಿ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಸಂಸ್ಥೆಗಳು ತರಬೇತಿ ಪಡೆದ ಲಿಪಿಕಾರರ ತಂಡ ಕಟ್ಟುವುದು ಒಳ್ಳೆಯದೇ. ಆದರೆ ಆ ತಂಡ ಜಿಲ್ಲೆಯಲ್ಲಿ ನಿಜವಾಗಿ ಸಿದ್ಧವಾಗುವ ಮೊದಲೇ ಸ್ವಂತ ಲಿಪಿಕಾರನ ಬಾಗಿಲು ಮುಚ್ಚಿದರೆ ಅಭ್ಯರ್ಥಿ ಎರಡೂ ಇಲ್ಲದೆ ನಿಲ್ಲುತ್ತಾರೆ. ವಂಚನೆಯ ಭಯಕ್ಕೆ ಬೇರೆ ಮದ್ದು ಇದೆ. ಲಿಪಿಕಾರ ಇರುವ ಕೊಠಡಿಗೆ ಕ್ಯಾಮೆರಾ ಮತ್ತು ಧ್ವನಿಮುದ್ರಣ ಇಡಬಹುದು. ಯಾರು ಹೇಳಿದರು, ಯಾರು ಬರೆದರು ಎಂಬುದು ಅಲ್ಲೇ ದಾಖಲಾಗುತ್ತದೆ. ಇನ್ನು ಸ್ಕ್ರೀನ್ ರೀಡರ್ ಜೊತೆ ತಾವೇ ಕಂಪ್ಯೂಟರಿನಲ್ಲಿ ಉತ್ತರಿಸಬಲ್ಲವರಿಗೆ ಲಿಪಿಕಾರನ ಅಗತ್ಯವೇ ಇಲ್ಲ. ಬ್ರೈಲ್, ದೊಡ್ಡ ಅಕ್ಷರ, ಧ್ವನಿಮುದ್ರಣದಂತಹ ಆಯ್ಕೆಗಳನ್ನೂ ಕೊಡಿ ಎಂದು ಫೆಬ್ರವರಿಯ ತೀರ್ಪಿನಲ್ಲಿ ಕೋರ್ಟ್ ಹೇಳಿದ್ದು ಇದಕ್ಕೇ.

ಕಿವಿಯ ಯಂತ್ರ

ಬ್ಲೂಟೂತ್ ಪ್ರಕರಣದ ನಂತರ, 2023ರ ನವೆಂಬರ್‌ನಲ್ಲಿ ಕೆಇಎ ಪರೀಕ್ಷೆಗಳಿಗೆ ಬಿಗಿ ನಿಯಮ ಬಂತು. ಕಿವಿ, ತಲೆ ಮುಚ್ಚುವ ಬಟ್ಟೆಗೂ ಅವಕಾಶ ಇಲ್ಲ ಎಂದಾಯಿತು. ಕಾರಣ ಅರ್ಥವಾಗುವಂಥದ್ದು. ಆದರೆ ಕಿವಿ ಕೇಳಿಸದವರು ಹಾಕುವ ಶ್ರವಣ ಸಾಧನ ದೂರದಿಂದ ನೋಡಿದರೆ ಬ್ಲೂಟೂತ್ ಹಾಗೆಯೇ ಕಾಣುತ್ತದೆ. ತಪಾಸಣೆಯವರು ತೆಗೆಸಿದರೆ ಒಳಗೆ ಮೇಲ್ವಿಚಾರಕರು ಹೇಳುವ ಸೂಚನೆ ಯಾವುದೂ ಕೇಳಿಸುವುದಿಲ್ಲ. ಹಾಲ್ ಟಿಕೆಟ್ ಮೇಲೆ 'ಶ್ರವಣ ಸಾಧನ ಬಳಸುತ್ತಾರೆ' ಎಂಬ ಒಂದು ಸಾಲು ಮುದ್ರಿಸಿದರೆ ಬಾಗಿಲಲ್ಲಿ ವಾದವೇ ಇರುವುದಿಲ್ಲ. ಸೂಚನೆಗಳನ್ನು ಬೋರ್ಡಿನ ಮೇಲೆ ಬರೆದರೆ ಇನ್ನೂ ಒಳ್ಳೆಯದು.

ಇಂಟರ್‌ವ್ಯೂ ಮತ್ತು ಖಾಸಗಿ ಕೆಲಸ

ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಂಪನಿಗಳು, ನಂಜನಗೂಡಿನ ಕಾರ್ಖಾನೆಗಳು, ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯ ಘಟಕಗಳು. ಈ ಭಾಗದಲ್ಲಿ ಕೆಲಸ ಇರುವುದು ಹೆಚ್ಚಾಗಿ ಖಾಸಗಿಯಲ್ಲಿ. ಇಲ್ಲಿ ಕಾಯ್ದೆಯ ಹಿಡಿತ ಸಡಿಲ. ತಾರತಮ್ಯ ಮಾಡಬಾರದು, ಅನುಕೂಲ ಕೊಡಲೇಬೇಕು ಎಂದು 20ನೇ ಸೆಕ್ಷನ್ ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರಿಗೆ ಮೀಸಲಾತಿ ಕಡ್ಡಾಯ ಇಲ್ಲ. ಅವರ ಸಿಬ್ಬಂದಿಯಲ್ಲಿ ಶೇ 5 ವಿಕಲಚೇತನರು ಇರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಇದೆ.

ಆದರೆ ಒಂದು ಹಿಡಿ ಇದೆ, ಅದನ್ನು ಬಳಸುವವರು ಕಡಿಮೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ವಿಕಲಚೇತನರಿಗೆ ಹೊಂದುವ ಹುದ್ದೆಗಳು, ಆಯ್ಕೆ ಮಾಡುವ ವಿಧಾನ, ಕೊಡುವ ಸಾಧನಗಳು ಎಲ್ಲ ಇರಬೇಕು. ನೇಮಕಾತಿ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯೂ ಇರಬೇಕು. ಅರ್ಜಿ ಹಾಕುವ ಮೊದಲೇ 'ನಿಮ್ಮ ನೀತಿ ಎಲ್ಲಿದೆ, ಸಂಪರ್ಕಾಧಿಕಾರಿ ಯಾರು' ಎಂದು ಒಂದು ಇಮೇಲ್ ಹಾಕಲು ಅಭ್ಯರ್ಥಿಗೆ ಹಕ್ಕಿದೆ.

ಚಿಕ್ಕ ಉದ್ಯಮಿಗಳು ಖರ್ಚಿನ ಮಾತು ಎತ್ತುತ್ತಾರೆ. ಲಿಫ್ಟ್ ಹಾಕಿಸಬೇಕಾ, ಯಂತ್ರದ ಹತ್ತಿರ ಅಪಾಯ ಆದರೆ ಯಾರು ಹೊಣೆ ಎಂದು. ಕೆಲಸದ ಜಾಗದ ಬಗ್ಗೆ ಈ ಪ್ರಶ್ನೆ ನ್ಯಾಯವಾದದ್ದೇ. ನೇಮಕಾತಿಯ ಹಂತಕ್ಕೆ ಮಾತ್ರ ಇದು ಅಷ್ಟಾಗಿ ಹೊಂದುವುದಿಲ್ಲ. ಕಿವಿ ಕೇಳಿಸದ ಅಭ್ಯರ್ಥಿಗೆ ಎಚ್ಆರ್ ಫೋನ್ ಮಾಡುತ್ತಾರೆ, ಉತ್ತರ ಬರುವುದಿಲ್ಲ, 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಹೆಸರು ತೆಗೆಯುತ್ತಾರೆ. ವಾಟ್ಸ್ಆ್ಯಪ್ ಮೆಸೇಜ್ ಕಳಿಸಲು ಎಷ್ಟು ಖರ್ಚು? ಇಂಟರ್‌ವ್ಯೂ ಪತ್ರದಲ್ಲಿ 'ನಿಮಗೆ ಯಾವ ಅನುಕೂಲ ಬೇಕು, ಮೊದಲೇ ತಿಳಿಸಿ' ಎಂಬ ಸಾಲು ಸೇರಿಸಲು? ಕೊಠಡಿಯನ್ನು ಕೆಳಗಿನ ಮಹಡಿಗೆ ಬದಲಿಸಲು? ಜೊತೆಗೆ ಬಂದ ತಾಯಿಯನ್ನು 'ಇವನಿಗೆ ಏನು ಬರುತ್ತಮ್ಮ' ಎಂದು ಕೇಳದೆ, ಎದುರಿಗೆ ಕೂತ ಅಭ್ಯರ್ಥಿಯನ್ನೇ ಕೇಳಲು? ಇವಕ್ಕೆ ಮನಸ್ಸು ಬೇಕು, ಅಷ್ಟೇ.

'ಅರ್ಹರು ಸಿಗಲಿಲ್ಲ' ಎಂಬ ಸಾಲು

ಮೀಸಲು ಹುದ್ದೆ ಖಾಲಿ ಉಳಿದಾಗ ಕಡತದಲ್ಲಿ ಬರೆಯುವ ಕಾರಣ ಇದು. ಕಾಯ್ದೆಯ ಪ್ರಕಾರ ಅಂಥ ಹುದ್ದೆ ಮುಂದಿನ ನೇಮಕಾತಿ ವರ್ಷಕ್ಕೆ ಹೋಗಬೇಕು. ಆಗಲೂ ಆ ವರ್ಗದವರು ಸಿಗದಿದ್ದರೆ ಬೇರೆ ವೈಕಲ್ಯದವರಿಗೆ ಕೊಡಬಹುದು. ಯಾರೂ ಸಿಗದಿದ್ದರೆ ಮಾತ್ರ ಉಳಿದವರಿಗೆ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಇಷ್ಟು ಜನರಲ್ಲಿ ಅರ್ಹರು ಸಿಗುವುದಿಲ್ಲ ಎನ್ನುವಾಗ ಹಿಂದೆ ತಿರುಗಿ ನೋಡಬೇಕು. ಅಧಿಸೂಚನೆ ಓದಲಾಗದವರು ಅರ್ಜಿ ಹಾಕಲಿಲ್ಲ. ಹಾಕಿದವರಲ್ಲಿ ಕೆಲವರ ಚೌಕ 'ಇಲ್ಲ' ಎಂದಾಯಿತು. ಕೆಲವರ ಪತ್ರದ ಅವಧಿ ಮುಗಿಯಿತು. ಕೊನೆಗೆ ಕೊಠಡಿ ತಲುಪಿದವರಿಗೆ ಪದ ಬರೆಯಲು ಬಾರದ ಲಿಪಿಕಾರ ಸಿಕ್ಕರು. ಹೀಗೆ ಸೋರಿ ಸೋರಿ ಉಳಿದ ನಾಲ್ಕು ಜನ ಕಟ್ ಆಫ್ ಮುಟ್ಟದಿದ್ದರೆ, ಅದನ್ನು ಅರ್ಹತೆಯ ಕೊರತೆ ಎಂದು ಬರೆಯುವುದು ಸರಿಯಾಗುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ

ಮೈಸೂರಿಗೆ ಈ ವಿಷಯ ಹೊಸದಲ್ಲ. ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ ಇಲ್ಲಿ 1901ರಲ್ಲೇ ಶುರುವಾಯಿತು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ವಿಕಲಚೇತನರಿಗೆಂದೇ ಜೆಎಸ್ಎಸ್ ಪಾಲಿಟೆಕ್ನಿಕ್ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ಗೌರವಧನಕ್ಕೆ ದುಡಿಯುತ್ತಿದ್ದಾರೆ. ಪಿಂಚಣಿ, ಯುಡಿಐಡಿ ಕೆಲಸದಲ್ಲಿ ಮನೆಮನೆ ಬಲ್ಲವರು ಅವರು. ದೊಡ್ಡ ಅಧಿಸೂಚನೆ ಬಂದಾಗ ಅರ್ಜಿಯ ಆ ಚೌಕವನ್ನು ಸರಿಯಾಗಿ ತುಂಬಿಸುವ ಕೆಲಸಕ್ಕೂ ಅವರನ್ನು ಸಜ್ಜುಗೊಳಿಸಬಹುದು. ಅದೇ ವಾರ ತಜ್ಞರೆಲ್ಲ ಒಂದೇ ದಿನ ಕೂರುವ ಪ್ರಮಾಣಪತ್ರ ಶಿಬಿರ ಇಟ್ಟರೆ ಕೆ.ಆರ್. ಪೇಟೆಯಿಂದ ಮೂರು ಸಲ ಬರುವುದು ತಪ್ಪುತ್ತದೆ. ಕಾಲೇಜುಗಳ ಎನ್ಎಸ್ಎಸ್ ವಿದ್ಯಾರ್ಥಿಗಳಿಂದ ಲಿಪಿಕಾರರ ಪಟ್ಟಿ ಮಾಡಿ, ದೂರು ಬರದಂತೆ ತರಬೇತಿ ಕೊಡಬಹುದು.

ಅಲ್ಲಿಯವರೆಗೆ ಅಭ್ಯರ್ಥಿಯ ಕೈಯಲ್ಲಿರುವುದು ಸಮಯ ಮತ್ತು ಕಾಗದ. ಅರ್ಜಿ ಹಾಕಿದ ಮೇಲೆ ಪ್ರಿಂಟ್ ತೆಗೆದು ಚೌಕ ನೋಡಿಕೊಳ್ಳಿ. ತಪ್ಪಾಗಿದ್ದರೆ ತಿದ್ದುಪಡಿಗೆ ಅಂದೇ ಬರೆಯಿರಿ. ಬೇಕಾದ ಅನುಕೂಲವನ್ನು ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕೇಳಿ, ರಸೀದಿ ಇಟ್ಟುಕೊಳ್ಳಿ. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲಿ ಸಮಾಧಾನ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ, ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರು ಇದ್ದಾರೆ. ಪರೀಕ್ಷೆಗೆ ಒಂದು ತಿಂಗಳು ಇರುವಾಗ ಹಾಕಿದ ದೂರಿಗೆ ಆ ಎರಡು ವಾರ ಸಾಕಾಗುತ್ತದೆ. ಪರೀಕ್ಷೆಯ ಬೆಳಿಗ್ಗೆ ಗೇಟಿನಲ್ಲಿ ನಿಂತು ಕೇಳಿದರೆ ಆ ಅಧಿಕಾರಿ ಕೂಡ ಏನೂ ಮಾಡಲಾರರು.